ಕುಕಿ ಶೈನ್‌ನ ಮೂಲವನ್ನು ಹುಡುಕಿದ ಬಗೆ: ನನ್ನ ಅನುಭವ

ಅಮೆರಿಕದ ಕಾಲೇಜು ವಿದ್ಯಾರ್ಥಿನಿಯರ ಸಂಘ, ಅಂದರೆ ಸೊರೊರಿಟಿ, ಆದ ಪೈ ಬೀಟಾ ಫೈಯ ‘ಕುಕಿ ಶೈನ್’ ಎಂಬ ತಿಂಡಿಕೂಟದ ಮೂಲವನ್ನು ಊರಿನ ಹಳೆಯ ಪತ್ರಿಕೆಗಳಿಂದಲೇ ಹುಡುಕಬಹುದೆಂದು ನಾನು ಹೇಳಿದಾಗ, ಕಾಲೇಜು ಚರಿತ್ರೆಯಲ್ಲಿ ಪಳಗಿದ ಗೆಳೆಯರು ನಕ್ಕಿದ್ದರು. ಸಂಘದ ಒಳಮನೆಯ ಆಚರಣೆ ಹೊರಗಿನವರ ಪತ್ರಿಕೆಯಲ್ಲಿ ಹೇಗೆ ಸಿಕ್ಕೀತು ಎಂಬುದು ಅವರ ವಾದವಾಗಿತ್ತು.

ಮೊದಲು ಹಿರಿಯ ಸದಸ್ಯೆಯರ ನೆನಪುಗಳ ಬೆನ್ನು ಹತ್ತಿದೆ. ಎಲ್ಲರೂ ಸಂಘದ ಒಂದೇ ಕೈಪಿಡಿಯ ಮಾತನ್ನು ಬಾಯಿಪಾಠದಂತೆ ಹೇಳುತ್ತಿದ್ದರು. ಆಮೇಲೆ ಹಣ ಕೊಟ್ಟು ಓದುವ ಪತ್ರಿಕಾ ಸಂಗ್ರಹಕ್ಕೆ ಸುಮಾರು ಇನ್ನೂರು ಡಾಲರ್, ಮೈಕ್ರೋಫಿಲ್ಮ್ ಪ್ರತಿಗಳಿಗೆ ಅರವತ್ತೋ ಎಪ್ಪತ್ತೋ ಸುರಿದೆ. ಬಂದದ್ದು ಬಹುಪಾಲು ಮಸಿ ಹರಡಿದ ಪುಟಗಳು. ಈ ಸಂಘ 1867ರಲ್ಲಿ ಇಲಿನಾಯ್‌ನ ಮಾನ್ಮತ್‌ನಲ್ಲಿ ಹುಟ್ಟಿದ್ದು ಐ.ಸಿ. ಸೊರೋಸಿಸ್ ಎಂಬ ಹೆಸರಿನಲ್ಲಿ. ಪೈ ಬೀಟಾ ಫೈ ಎಂಬ ಗ್ರೀಕ್ ಹೆಸರು ಗಟ್ಟಿಯಾದದ್ದು 1888ರಲ್ಲಿ. ಆದ್ದರಿಂದ ಇಂದಿನ ಹೆಸರಿನಿಂದ ಹುಡುಕುವವರಿಗೆ ಮೊದಲ ಎರಡು ದಶಕಗಳು ಕಾಣುವುದೇ ಇಲ್ಲ.

ಕೊನೆಗೆ ಫಲ ಕೊಟ್ಟದ್ದು ಊರನ್ನು ಹಿಡಿದು ಹುಡುಕುವ ದಾರಿ. 1873ರಲ್ಲಿ ಶಾಖೆ ತೆರೆದ ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲೇ ಕೂಟ ಆರಂಭವಾಯಿತೆಂದು ಸಂಘ ನಂಬುತ್ತದೆ. ಸಂಘದ ‘ಆ್ಯರೋ’ ಪತ್ರಿಕೆ 1885ರಲ್ಲಿ ಮೊದಲು ಹೊರಟದ್ದೂ ಅಲ್ಲಿಂದಲೇ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ ಉಚಿತವಾಗಿ ಕೊಡುವ ಸ್ಕ್ಯಾನ್‌ಗಳಲ್ಲಿ ಸಂಘದ ಹೆಸರನ್ನು ಬಿಟ್ಟು, ಸ್ಥಳೀಯ ಸುದ್ದಿಯ ಅಂಕಣಗಳನ್ನೇ ಸಾಲುಸಾಲಾಗಿ ಓದಿದೆ. ಸ್ಕ್ಯಾನ್‌ನ ಅಕ್ಷರಗಳನ್ನು ಗುರುತಿಸುವ ಯಂತ್ರ ತಪ್ಪಾಗಿ ಓದುವ ಕಾಗುಣಿತಗಳನ್ನೂ ಹುಡುಕುಪದಗಳಾಗಿ ಕೊಟ್ಟೆ. ಅವುಗಳಲ್ಲಿ ಎರಡನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಇನ್ನೂ ಕೆಲಸವಿದೆ.

ಚಹಾಕೂಟಕ್ಕೆ ಸ್ಕಾಟ್ಲೆಂಡಿನ ಕಡೆಯವರು ತಮಾಷೆಗೆ ಬಳಸುತ್ತಿದ್ದ ‘ಕುಕಿ ಶೈನ್’ ಎಂಬ ಹೆಸರು ಸೊರೊರಿಟಿಯ ಸೃಷ್ಟಿಯಲ್ಲ. ಊರು ಮರೆತ ಹೆಸರನ್ನು ಹುಡುಗಿಯರು ಹಿಡಿದುಕೊಂಡರು, ಹೊಸ ಸದಸ್ಯೆಯರನ್ನು ಸೇರಿಸಿಕೊಂಡ ಮೇಲಿನ ಕೂಟಕ್ಕೆ ಅದನ್ನು ಅಂಟಿಸಿದರು ಎಂಬುದು ನನ್ನ ತೀರ್ಮಾನ. ನಕ್ಕಿದ್ದ ಗೆಳೆಯರಲ್ಲಿ ಒಬ್ಬರು ಈಗ ಇದೇ ಕ್ರಮವನ್ನು ತಮ್ಮ ಕಾಲೇಜಿಗೆ ಬಳಸುತ್ತಿದ್ದಾರೆ.

ನಡುವೆ ಆ ಕಾಲದ ಅಡುಗೆಯ ರೀತಿಯಲ್ಲಿ ಹುಳಿಹಾಲು, ಸೋಡಾ, ಜಾಯಿಕಾಯಿ ಹಾಕಿ ಕುಕಿಗಳನ್ನೂ ಬೇಯಿಸಿದೆ. ಮೊದಲ ತಟ್ಟೆ ಕಲ್ಲಾಯಿತು, ಮೂರನೆಯದು ಬಾಯಿಗೆ ಬಂತು. ಹಿಟ್ಟು, ಬೆಣ್ಣೆ, ಸಕ್ಕರೆಗೆ ಹತ್ತು ಡಾಲರ್‌ನ ಒಳಗೇ ಆಯಿತು. ಡಬ್ಬಿಯಲ್ಲಿ ವಾರದವರೆಗೂ ಕೆಡಲಿಲ್ಲ. ಆದ್ದರಿಂದ ಹುಡುಗಿಯರು ಮನೆಯಿಂದ ತಂದದ್ದನ್ನು ಒಟ್ಟಿಗೆ ಹರಡಿ ತಿನ್ನುತ್ತಿದ್ದರೆಂಬ ಊಹೆ ನನಗೆ ಒಪ್ಪುವಂತೆ ತೋರುತ್ತದೆ.