ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಷಿಯನ್. ಒಂದು ದಿನ ಬೆಳಗಿನ ಜಾವ ಮೂರಕ್ಕೆ ವಾರ್ಡಿನಿಂದ ಫೋನ್ ಬಂತು. ಜಗಳೂರು ಕಡೆಯ ರೈತರು, ಶುಗರ್ ಜಾಸ್ತಿಯಾಗಿ ಅಡ್ಮಿಟ್ ಆದವರು, ಕರೆದರೆ ಮಾತಾಡುತ್ತಿಲ್ಲ. ಓಡಿ ಹೋದೆ. ಬನಿಯನ್ ಹಿಂಡಿದರೆ ನೀರು ಇಳಿಯುವಷ್ಟು ಬೆವರು. ಶುಗರ್ 41ಕ್ಕೆ ಕುಸಿದಿತ್ತು. ನರಕ್ಕೆ 25 ಪರ್ಸೆಂಟ್ ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್ ನೀರು, ಕೊಟ್ಟೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟವರೇ, "ಎಮ್ಮೆ ಹಾಲು ಕರೆದ್ಯಾ?" ಎಂದು ಹೆಂಡತಿಯನ್ನು ಕೇಳಿದರು.

ಕಾರಣ ಟ್ರೇಯಲ್ಲೇ ಬಿದ್ದಿತ್ತು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಬರುತ್ತದೆ. ಒಂದರಲ್ಲಿ ಎಂ.ಎಲ್.ಗೆ 40 ಯೂನಿಟ್, ಇನ್ನೊಂದರಲ್ಲಿ 100. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ರಾತ್ರಿ ಗ್ಲಾರ್ಜಿನ್ ಎಂಬ ಇನ್ಸುಲಿನ್‌ನ 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆವರೆಗೆ ಎಳೆದಿದ್ದರು. ಅದು ಅರ್ಧ ಎಂ.ಎಲ್., ಅಂದರೆ 50 ಯೂನಿಟ್. ಕೊಡಬೇಕಿದ್ದದ್ದು 20. ಎರಡೂ ಥರದ ಸಿರಿಂಜು ಒಂದೇ ಡ್ರಾಯರ್‌ನಲ್ಲಿದ್ದವು. ಅದು ಸಿಸ್ಟರ್ ತಪ್ಪಲ್ಲ, ನಮ್ಮದು.

"ಶುಗರ್ ಡೌನ್ ಆಗಿತ್ತು ಅಂದ್ರೆ ಸಾಕು. ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಾ?" ಎಂದರು ಜೊತೆಯ ಡಾಕ್ಟರು. ಆ ಮಾತು ಸುಳ್ಳೂ ಅಲ್ಲ ನೋಡಿ. ಅದಕ್ಕೇ ಬಾಯಿಗೆ ಬೇಗ ಬರುತ್ತದೆ.

ಬೆಳಿಗ್ಗೆ ಏಳಕ್ಕೆ ರೈತರ ಹೆಂಡತಿಯನ್ನೂ ಮಗನನ್ನೂ ರೂಮಿಗೆ ಕರೆದೆ. ಮೊದಲು ಅವರನ್ನು ಕೂರಿಸಿ ಆಮೇಲೆ ನಾನು ಕೂತೆ. "ಸ್ವಲ್ಪ ಹೆಚ್ಚುಕಮ್ಮಿ ಆಯ್ತು" ಎಂಬುದು ನಾಲಿಗೆ ತುದಿಗೆ ಬಂದಿತ್ತು. ಹಿಂದೊಮ್ಮೆ ಕಾರಿಡಾರಿನಲ್ಲಿ ನಿಂತು ಹಾಗೆಯೇ ಹೇಳಿ ಕೈ ತೊಳೆದುಕೊಂಡಿದ್ದೆ. ಈ ಸಲ ನುಂಗಿಕೊಂಡೆ.

"ಅಮ್ಮಾ, ಯಜಮಾನರಿಗೆ ನಾವು ಇನ್ಸುಲಿನ್ ಎರಡೂವರೆ ಪಟ್ಟು ಕೊಟ್ಟಿದ್ದೇವೆ. ತಪ್ಪು ನಮ್ಮದು. ಕ್ಷಮಿಸಿ."

ಎರಡೂ ಸಿರಿಂಜನ್ನು ಮೇಜಿನ ಮೇಲಿಟ್ಟು ಗೆರೆ ತೋರಿಸಿದೆ. ಆಯಮ್ಮ ಕೆಂಪು ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಒಂದು ಮಾತೂ ಆಡಲಿಲ್ಲ. ಆ ಸುಮ್ಮನಿರುವಿಕೆಯನ್ನು ತುಂಬೋಕೆ ನನ್ನ ಬಾಯಿ ತುರಿಸುತ್ತಿತ್ತು. ತಡೆದುಕೊಂಡೆ. ಈ ಔಷಧಿ ಒಂದು ದಿನದವರೆಗೂ ಕೆಲಸ ಮಾಡುತ್ತೆ, ಅದಕ್ಕೆ ಗ್ಲೂಕೋಸ್ ಡ್ರಿಪ್ ಹಾಕಿ ಗಂಟೆಗೊಮ್ಮೆ ಶುಗರ್ ನೋಡ್ತೇವೆ, ಈ ದಿನಗಳ ಬಿಲ್ ನಿಮ್ಮ ಮೇಲಿಲ್ಲ ಎಂದು ಆಮೇಲೆ ಹೇಳಿದೆ. ಬಿಲ್ಲಿನ ಮಾತನ್ನು ಮ್ಯಾನೇಜ್ಮೆಂಟ್ ಹತ್ತಿರ ಮೊದಲೇ ಒಪ್ಪಿಸಿಕೊಂಡಿದ್ದೆ. ಆಗದ್ದಕ್ಕೆ ಮಾತು ಕೊಡಬಾರದು, ಅಲ್ವಾ?

"ಯಾರು ಚುಚ್ಚಿದ್ದು?" ಎಂದ ಮಗ. ಹೆಸರು ಹೇಳಲಿಲ್ಲ. ಬರೆದುಕೊಟ್ಟವನು ನಾನು, ನನ್ನನ್ನೇ ಕೇಳಿ ಎಂದೆ.

"ನೀವು ಹೇಳ್ದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ ಸರ್?"

"ಇಲ್ಲ."

ಅವನು ಫೈಲಿನ ಜೆರಾಕ್ಸ್ ಕೇಳಿದ. 2002ರ ವೈದ್ಯಕೀಯ ಪರಿಷತ್ತಿನ ನಿಯಮದಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ನಾನು ಮಧ್ಯಾಹ್ನವೇ ಕೊಡಿಸಿದೆ. ಸಂಜೆ ಡ್ರಾಯರ್ ಬೇರೆ ಬೇರೆ ಮಾಡಿಸಿದೆವು.

ಮೂರನೇ ದಿನ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದ. ತಡೆಯಲಿಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ "20ರ ಬದಲು 50 ಯೂನಿಟ್ ಕೊಡಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಅವನು ಅಲ್ಲೇ ನಿಂತು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡ.