ಕೊಡಗಿನ ಮನೆಯಲ್ಲಿ ಅಕ್ವೇರಿಯಂ: ಮೀನು ತರುವ ಮುನ್ನ ನೀರನ್ನು ಸಿದ್ಧಪಡಿಸಿ

ಮೈಸೂರಿನ ಅಂಗಡಿಯ ತೊಟ್ಟಿಯಲ್ಲಿ ಲವಲವಿಕೆಯಿಂದ ಓಡಾಡುತ್ತಿದ್ದ ಮೀನು ಮಡಿಕೇರಿಯ ಮನೆಗೆ ಬಂದು ಮೊದಲ ಮಳೆಗಾಲವನ್ನೇ ದಾಟದಿದ್ದರೆ, ಮೀನನ್ನು ಮಾರಿದವರನ್ನು ದೂರುವ ಮೊದಲು ನಮ್ಮ ನೀರನ್ನು ನೋಡಬೇಕು. ಇಲ್ಲಿಯ ಬಾವಿ ಮತ್ತು ಒರತೆಯ ನೀರು ತಣ್ಣಗಿರುವುದಷ್ಟೇ ಅಲ್ಲ, ಸುಣ್ಣದ ಅಂಶ ಕಡಿಮೆಯಿರುವ ಮೃದು ನೀರೂ ಹೌದು. ಇವೆರಡನ್ನು ಸರಿಪಡಿಸಿಕೊಂಡರೆ ಉಳಿದದ್ದು ಕಷ್ಟವಲ್ಲ.

ತೊಟ್ಟಿ ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರವಾದರೂ ಇರಲಿ. ಅದರಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ದುಂಡನೆಯ ಗಾಜಿನ ಬೋಗುಣಿ ಮಾತ್ರ ಬೇಡವೇ ಬೇಡ. ಜಲ್ಲಿ, ಫಿಲ್ಟರ್, ಹೀಟರ್ ಜೋಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ, ಮೀನಿಲ್ಲದೆ ನಾಲ್ಕರಿಂದ ಆರು ವಾರ ತೊಟ್ಟಿಯನ್ನು ಓಡಿಸಬೇಕು. ಕೊಳೆತ ಆಹಾರದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ನಂತರ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಗೊಳ್ಳಲು ಇಷ್ಟು ಕಾಲ ಬೇಕು. ಚಳಿಯಲ್ಲಿ ಇನ್ನೂ ಹೆಚ್ಚು. ನೀರು ಪರೀಕ್ಷಿಸುವ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು ತರಬೇಕು, ಅದೂ ಒಮ್ಮೆಗೆ ನಾಲ್ಕೈದರಂತೆ.

ಯಾವ ಮೀನು ಎಂಬುದನ್ನು ನೀರೇ ನಿರ್ಧರಿಸಲಿ. ಟೆಟ್ರಾ, ಬಾರ್ಬ್ ಜಾತಿಗಳಿಗೆ ಮೃದು ನೀರು ಒಗ್ಗುತ್ತದೆ. ಗಪ್ಪಿ, ಮೋಲಿಗಳಿಗೆ ಗಡಸು ನೀರು ಬೇಕು. ಮೃದು ನೀರಿನಲ್ಲಿ ಮೋಲಿಯೊಂದು ರೆಕ್ಕೆ ಮುದುಡಿಕೊಂಡು, ಮುಂದೆ ಸಾಗದೆ ನಿಂತಲ್ಲಿಯೇ ಮೈ ಅಲುಗಾಡಿಸುತ್ತಿರುವುದನ್ನು ನೋಡಿದವರು ಅದನ್ನು ಆಟವೆಂದು ತಿಳಿಯುವುದುಂಟು. ಅದು ಆಟವಲ್ಲ, ಸಂಕಟ. ಮೃದು ನೀರಿನ ಇನ್ನೊಂದು ತೊಡಕೆಂದರೆ ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) ವಾರಗಳು ಕಳೆದಂತೆ ಇಳಿಯುತ್ತ ಹೋಗುತ್ತದೆ, 6ಕ್ಕಿಂತ ಕೆಳಗೆ ಬಂದರೆ ಫಿಲ್ಟರ್‌ನ ಬ್ಯಾಕ್ಟೀರಿಯಾ ಕೆಲಸ ನಿಧಾನಿಸುತ್ತದೆ. ಚೆನ್ನಾಗಿ ತೊಳೆದು ಕುದಿಸಿದ ಒಂದು ಹಿಡಿ ಕಪ್ಪೆಚಿಪ್ಪನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಬಳಿ ಇಟ್ಟರೆ ಅದು ನಿಧಾನವಾಗಿ ಕರಗಿ ಈ ಇಳಿತವನ್ನು ತಡೆಯುತ್ತದೆ.

ಹೀಟರ್ ಇಲ್ಲಿ ಶೋಕಿಯ ವಸ್ತುವಲ್ಲ. ಬಯಲುಸೀಮೆಯಲ್ಲಿ 50 ಲೀಟರಿಗೆ 50 ವಾಟ್ ಸಾಕಾದರೆ, ನಮ್ಮಲ್ಲಿ 75 ವಾಟ್ ಇರಲಿ. ನೀರನ್ನು 24ರಿಂದ 26 ಡಿಗ್ರಿಯಲ್ಲಿ ನಿಲ್ಲಿಸಬೇಕು. ಗೋಲ್ಡ್ ಫಿಶ್ ತಂಪನ್ನು ಸಹಿಸುವುದರಿಂದ ಅದಕ್ಕೆ ಪ್ರತ್ಯೇಕ ತೊಟ್ಟಿಯೇ ಸೂಕ್ತ. ಬಿಸಿ ಏರಿಳಿದಾಗ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಇದು ಪರೋಪಜೀವಿಯ ಕಾಟ. ಮೀನಿನ ಚರ್ಮದೊಳಗಿರುವಾಗ ಔಷಧ ಅದನ್ನು ಮುಟ್ಟುವುದಿಲ್ಲ, ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಸಾಯುತ್ತದೆ. ಆದ್ದರಿಂದ ಔಷಧ ಹಾಕುವುದರ ಜೊತೆಗೆ, ಅದು ಬೇಗ ಆ ಹಂತಕ್ಕೆ ಬರುವಂತೆ ದಿನಕ್ಕೊಂದೆರಡು ಡಿಗ್ರಿಯಂತೆ ಬಿಸಿಯನ್ನು 29–30ಕ್ಕೆ ಏರಿಸಿ, ಗಾಳಿಯ ಪಂಪು ಹೆಚ್ಚಿಸಿ, ಚುಕ್ಕೆ ಮಾಯವಾದರೂ ಚಿಕಿತ್ಸೆಯನ್ನು ಹತ್ತು-ಹನ್ನೆರಡು ದಿನ ಮುಂದುವರಿಸಬೇಕು.

ತೋಟವಿರುವವರಿಗೆ ಒಂದು ಎಚ್ಚರಿಕೆ. ಕಾಫಿಗೂ ಕರಿಮೆಣಸಿಗೂ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಎಂದರೆ ತಾಮ್ರದ ಲವಣ. ಮೃದು ನೀರಿನಲ್ಲಿ ಅದರ ವಿಷ ಇನ್ನಷ್ಟು ತೀಕ್ಷ್ಣ. ದ್ರಾವಣ ಕಲಸಿದ್ದ ಬಕೆಟ್ಟನ್ನು ಎರಡು ಸಲ ತೊಳೆದೆನೆಂಬ ಧೈರ್ಯದಲ್ಲಿ ನಾನೊಮ್ಮೆ ಅದರಲ್ಲೇ ನೀರು ತುಂಬಿಸಿದ್ದೆ. ಸಂಜೆಯೊಳಗೆ ಬಸವನಹುಳುಗಳು ಉದುರಿದವು, ಬೆಳಗಾಗುವಷ್ಟರಲ್ಲಿ ಬಾರ್ಬ್‌ಗಳು ಸತ್ತಿದ್ದವು. ಬಕೆಟ್ಟಿನ ಅಂಚಿನಲ್ಲಿ ತಿಳಿನೀಲಿ ಗೆರೆಯೊಂದು ಉಳಿದೇ ಇತ್ತು. ತೊಟ್ಟಿಗೆಂದೇ ಬೇರೆ ಬಕೆಟ್, ಬೇರೆ ಮಗ್ಗು ಇರಲಿ.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಅದಕ್ಕೂ ಮುನ್ನ ಹೀಟರ್ ಆರಿಸಿ, ಇಲ್ಲವಾದರೆ ಅದರ ಗಾಜು ಒಡೆಯಬಹುದು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ್ದರೆ ಅದಕ್ಕೂ ಇದೇ ನಿಯಮ. ಹೊಸ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸಿ ತೊಟ್ಟಿಯಷ್ಟೇ ಬೆಚ್ಚಗಾಗಿಸಿ ಸುರಿಯಿರಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟೇ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ. ಆಗ ಆಹಾರ ನಿಲ್ಲಿಸಿ, ತೊಟ್ಟಿಯ ನಾಲ್ಕೂ ಬದಿಗೆ ಕಂಬಳಿ ಸುತ್ತಿ, ಮೇಲ್ಭಾಗವನ್ನು ಗಾಳಿಗೆ ಬಿಡಿ. ಬ್ಯಾಟರಿ ಪಂಪು ಇಲ್ಲದಿದ್ದರೆ ಆಗಾಗ ಮಗ್ಗಿನಿಂದ ತೊಟ್ಟಿಯ ನೀರನ್ನೇ ಎತ್ತಿ, ಒಂದಡಿ ಮೇಲಿನಿಂದ ಸುರಿದರೆ ಆಮ್ಲಜನಕ ಬೆರೆಯುತ್ತದೆ. ಕರೆಂಟು ಬಂದೊಡನೆ ಸ್ವಿಚ್ ಒತ್ತಬೇಡಿ. ಗಂಟೆಗಟ್ಟಲೆ ನಿಂತಿದ್ದ ಫಿಲ್ಟರ್‌ನೊಳಗಿನ ನಾರುವ ನೀರನ್ನು ಹೊರಗೆ ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಒಮ್ಮೆ ಅದ್ದಿ ಹಿಂಡಿ, ಆಮೇಲೆ ಓಡಿಸಿ.