ಎಫ್‌ಪಿಎಸ್ ಸಂಖ್ಯೆಯ ಹಿಂದಿರುವ ಮಿಲಿಸೆಕೆಂಡುಗಳು: ಆಟದ ಫ್ರೇಮ್ ರೇಟ್ ಅಳೆಯುವ ನನ್ನ ಅನುಭವ

ಕಲಬುರಗಿಯ ನಮ್ಮ ಮನೆಯಲ್ಲಿ ನಾನು ಆಟವಾಡುವುದು ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ. ರೈಜೆನ್ 5 4600ಎಚ್ ಪ್ರೊಸೆಸರ್, 4 ಜಿಬಿ ಮೆಮೊರಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಮತ್ತು 144 ಹರ್ಟ್ಜ್ ಪರದೆ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ಅದರಲ್ಲಿವೆ. ಇಷ್ಟು ಶಕ್ತಿಯ ಯಂತ್ರದಲ್ಲಿ ಕೌಂಟರ್-ಸ್ಟ್ರೈಕ್ 2 ಮತ್ತು ಸೈಬರ್‌ಪಂಕ್ 2077 ಎರಡನ್ನೂ ನೆಮ್ಮದಿಯಿಂದ ಆಡಬೇಕೆಂದರೆ ಫ್ರೇಮ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು (ಫ್ರೇಮುಗಳು) ಬರುತ್ತವೆ ಎಂಬ ಎಫ್‌ಪಿಎಸ್ ಲೆಕ್ಕದ, ಮೇಲೆ ಕಣ್ಣಿಡದೆ ಬೇರೆ ದಾರಿಯಿಲ್ಲ. ಕೆಲವು ವರ್ಷಗಳಿಂದ ಅದನ್ನು ಕ್ರಮಬದ್ಧವಾಗಿ ಅಳೆಯುತ್ತ ಬಂದಿದ್ದೇನೆ. ಪರದೆಯ ಮೂಲೆಯಲ್ಲಿ ಕಾಣುವ ಎಫ್‌ಪಿಎಸ್ ಸಂಖ್ಯೆಗಿಂತ, ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಹಿಡಿಯುವ ಕಾಲವನ್ನು, ಅಂದರೆ ಫ್ರೇಮ್ ಟೈಮನ್ನು, ನಾನು ಹೆಚ್ಚು ನಂಬುತ್ತೇನೆ. ಅದರ ಕಾರಣವನ್ನೂ ನಾನು ಅನುಸರಿಸುವ ವಿಧಾನವನ್ನೂ ಇಲ್ಲಿ ವಿವರಿಸುತ್ತೇನೆ.

ಸೆಕೆಂಡಿಗೆ 60 ಫ್ರೇಮುಗಳೆಂದರೆ ಪ್ರತಿ ಫ್ರೇಮಿಗೆ 16.67 ಮಿಲಿಸೆಕೆಂಡು, 144 ಎಂದರೆ 6.94, 30 ಎಂದರೆ 33.33. ಎಲ್ಲ ಫ್ರೇಮುಗಳೂ ಸಮಾನ ಅಂತರದಲ್ಲಿ ಬಂದಾಗ ಮಾತ್ರ ಈ ಲೆಕ್ಕ ಕಣ್ಣಿನ ಅನುಭವಕ್ಕೆ ಹೊಂದುತ್ತದೆ. ಒಂದು ಸೆಕೆಂಡಿನಲ್ಲಿ 90 ಫ್ರೇಮುಗಳು ತಲಾ 10 ಮಿಲಿಸೆಕೆಂಡಿನಲ್ಲಿ ಬಂದು, ಇನ್ನೊಂದೇ ಒಂದು ಫ್ರೇಮ್ 100 ಮಿಲಿಸೆಕೆಂಡು ತೆಗೆದುಕೊಂಡಿತೆನ್ನಿ. ಆ ಸೆಕೆಂಡಿನ ಎಫ್‌ಪಿಎಸ್ 91. ನೋಡುವವರಿಗೆ ಅದು ಹೆಮ್ಮೆಪಡುವಂಥ ಸಂಖ್ಯೆ. ಆಡುವವರಿಗೆ ಮಾತ್ರ ಆಟ ಸೆಕೆಂಡಿನ ಹತ್ತನೇ ಒಂದು ಭಾಗ ನಿಂತೇ ಹೋಗಿರುತ್ತದೆ, ಎದುರಾಳಿ ಗುಂಡು ಹಾರಿಸಲು ಅಷ್ಟು ಸಾಕು. ಗಂಟೆಗೆ ಆರು ಬಸ್ಸುಗಳಿವೆ ಎಂದು ಫಲಕದಲ್ಲಿ ಬರೆದಿದ್ದು, ಐದು ಬಸ್ಸುಗಳು ಒಂದರ ಬೆನ್ನಿಗೊಂದು ಬಂದು ಹೋದ ಮೇಲೆ ಆರನೆಯದಕ್ಕಾಗಿ ಮುಕ್ಕಾಲು ಗಂಟೆ ಕಾಯುವವನಿಗೆ ಆ ಸರಾಸರಿಯಿಂದ ಏನು ಪ್ರಯೋಜನ? 1999ರಲ್ಲಿ ಬಂದ ಫ್ರ್ಯಾಪ್ಸ್ ತಂತ್ರಾಂಶ ಮೂಲೆಯಲ್ಲಿ ಹಳದಿ ಅಂಕಿ ತೋರಿಸುವುದನ್ನು ಲೋಕಕ್ಕೆಲ್ಲ ರೂಢಿ ಮಾಡಿಸಿತು. 2011ರಲ್ಲಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ ಸೆಕೆಂಡಿನ ಒಳಗೆ ಏನು ನಡೆಯುತ್ತದೆಂದು ಫ್ರೇಮ್ ಫ್ರೇಮಾಗಿ ಬಿಡಿಸಿ ತೋರಿಸಿದ ಮೇಲೆ, ಗ್ರಾಫಿಕ್ಸ್ ಕಾರ್ಡುಗಳ ವಿಮರ್ಶೆಯ ಕ್ರಮವೇ ಬದಲಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಆದ ಅತ್ಯಂತ ಉಪಯುಕ್ತ ಕೆಲಸ ಅದು.

ಅಳತೆಯ ಮೊದಲ ಪ್ರಯೋಜನ ಕಂಡದ್ದು ಮನೆಯಲ್ಲೇ. ಕೌಂಟರ್-ಸ್ಟ್ರೈಕ್ ಆಡುವ ನನ್ನ ತಮ್ಮ ಆಟ ತಡೆದು ತಡೆದು ಸಾಗಿದಾಗಲೆಲ್ಲ "ಅಣ್ಣಾ, ನೆಟ್ ಸರಿ ಇಲ್ಲ" ಎನ್ನುತ್ತಿದ್ದ. ಫ್ರೇಮ್ ಟೈಮಿನ ರೇಖೆಯನ್ನು ಪರದೆಯ ಮೇಲೆ ಇಟ್ಟು ನೋಡಿದರೆ ಎರಡು ಬಗೆಯ ತಡೆಗಳು ತಾವಾಗಿಯೇ ಬೇರೆಯಾಗುತ್ತವೆ. ಎದುರಾಳಿ ಇದ್ದಕ್ಕಿದ್ದಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿದರೂ ರೇಖೆ ಸಮತಟ್ಟಾಗಿಯೇ ಇದ್ದರೆ ತೊಂದರೆ ಜಾಲದಲ್ಲಿದೆ. ನಾವು ಮೌಸ್ ತಿರುಗಿಸಿದಾಗ ಇಡೀ ದೃಶ್ಯವೇ ಎಡವಿ, ಅದೇ ಕ್ಷಣದಲ್ಲಿ ರೇಖೆ ಮೇಲಕ್ಕೆ ಚಿಮ್ಮಿದರೆ ತೊಂದರೆ ಕಂಪ್ಯೂಟರಿನಲ್ಲಿದೆ. ನಮ್ಮಲ್ಲಿ ಹೆಚ್ಚು ಸಲ ಕಂಡದ್ದು ಎರಡನೆಯದೇ.

ಪರದೆಯ ಮೇಲೆ ನೋಡಲು ನಾನು ಬಳಸುವುದು ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್. ಎರಡೂ ಉಚಿತ, ಮತ್ತು ಗ್ರಾಫಿಕ್ಸ್ ಕಾರ್ಡ್ ಯಾವ ಕಂಪನಿಯದಾದರೂ ನಡೆಯುತ್ತವೆ. ಸೆಟ್ಟಿಂಗಿನ ಮಾನಿಟರಿಂಗ್ ವಿಭಾಗದಲ್ಲಿ ಫ್ರೇಮ್ ರೇಟ್, ಫ್ರೇಮ್ ಟೈಮ್, ಗ್ರಾಫಿಕ್ಸ್ ಕಾರ್ಡಿನ ಬಳಕೆ, ಅದರ ಮೆಮೊರಿ, ಪ್ರೊಸೆಸರಿನ ವೇಗ, ಎರಡರ ಉಷ್ಣತೆ, ಇಷ್ಟನ್ನೇ ಆರಿಸಿಕೊಂಡು, ಪ್ರತಿಯೊಂದನ್ನೂ ಪರದೆಯ ಮೇಲೆ ತೋರಿಸುವಂತೆ ಗುರುತು ಹಾಕುತ್ತೇನೆ. ಇವುಗಳಲ್ಲಿ ಫ್ರೇಮ್ ಟೈಮನ್ನು ಮಾತ್ರ ಅಂಕಿಯ ಬದಲು ಗ್ರಾಫ್ ಆಗಿ ಇಡಬೇಕು, ಏಕೆಂದರೆ ಒಂದೇ ಫ್ರೇಮಿನಲ್ಲಿ ಬಂದು ಹೋಗುವ ಏರಿಕೆಯನ್ನು ಅಂಕಿಯಾಗಿ ಓದಲು ಯಾರ ಕಣ್ಣಿಗೂ ಸಾಧ್ಯವಿಲ್ಲ. ಉಷ್ಣತೆ ಮೊದಲಾದವನ್ನು ಸೆಕೆಂಡಿಗೊಮ್ಮೆ ಓದಿದರೆ ಸಾಕು. ಆ ಅವಧಿಯನ್ನು ತೀರಾ ಇಳಿಸಿದರೆ ಅಳೆಯುವ ಕೆಲಸವೇ ಆಟದ ಮೇಲೆ ಭಾರವಾಗುತ್ತದೆ. ಕಾಣಿಸುವ ಮಾಹಿತಿ ಹೆಚ್ಚಾದಷ್ಟೂ ಉಪಯೋಗ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಪ್ರೊಸೆಸರಿನ ಹನ್ನೆರಡು ಥ್ರೆಡ್ಡುಗಳ ಬಳಕೆಯನ್ನೂ ಸಾಲಾಗಿ ಪರದೆಯ ಮೇಲೆ ಹರಡಿಕೊಂಡವರು ಆಟವನ್ನೂ ಸರಿಯಾಗಿ ನೋಡಲಾರರು, ಅಂಕಿಗಳನ್ನೂ ನೋಡಲಾರರು.

ರಿವಾಟ್ಯೂನರ್ ಆಟದ ಒಳಗೆ ಸೇರಿಕೊಂಡು, ಪ್ರತಿ ಫ್ರೇಮ್ ಸಿದ್ಧವಾಗಿ ಪರದೆಯತ್ತ ಹೊರಡುವ ಹಂತದಲ್ಲಿ ತನ್ನ ಬರಹವನ್ನು ಅದರ ಮೇಲೆ ಬಿಡಿಸುತ್ತದೆ. ಈ ಕಾರಣಕ್ಕಾಗಿಯೇ ಆನ್‌ಲೈನ್ ಸ್ಪರ್ಧೆಯ ಕೆಲವು ಆಟಗಳ ಮೋಸ-ತಡೆ ವ್ಯವಸ್ಥೆ ಇಂಥ ತಂತ್ರಾಂಶಗಳನ್ನು ಒಳಗೆ ಬಿಡುವುದಿಲ್ಲ. ಅಂಥ ಕಡೆ ಆಟದಲ್ಲೇ ಇರುವ ಸೂಚಕವನ್ನೋ ಸ್ಟೀಮಿನ ಸೂಚಕವನ್ನೋ ಬಳಸುವುದು ಕ್ಷೇಮ. ದಾಖಲೆಗಾಗಿ ನಾನು ಅವಲಂಬಿಸಿರುವುದು ಇಂಟೆಲ್ ಮುಕ್ತವಾಗಿ ನೀಡಿರುವ ಪ್ರೆಸೆಂಟ್‌ಮಾನ್ ತಂತ್ರಾಂಶವನ್ನು. ಅದು ಆಟದೊಳಗೆ ಕೈಹಾಕದೆ, ವಿಂಡೋಸ್ ತಾನೇ ದಾಖಲಿಸುವ ಘಟನೆಗಳನ್ನು ಓದಿ, ಪ್ರತಿಯೊಂದು ಫ್ರೇಮಿಗೂ ಒಂದು ಸಾಲಿನಂತೆ, ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತ ಬರೆದಿಡುತ್ತದೆ. ಆಜ್ಞೆ ಬರೆದು ನಡೆಸುವುದು ಬೇಡವೆನ್ನುವವರಿಗೆ ಅದೇ ತಂತ್ರಾಂಶವನ್ನು ಒಳಗಿಟ್ಟುಕೊಂಡ ಕ್ಯಾಪ್‌ಫ್ರೇಮ್‌ಎಕ್ಸ್ ಇದೆ. ಲಿನಕ್ಸ್‌ನಲ್ಲಿ ಆಡುವವರಿಗೆ ಮ್ಯಾಂಗೋಹಡ್ ಇದ್ದು, ಪರದೆಯ ಸೂಚಕ ಮತ್ತು ದಾಖಲೆ ಎರಡೂ ಅದರಲ್ಲೇ ದೊರೆಯುತ್ತವೆ.

ದಾಖಲಿಸುವಾಗ ಶಿಸ್ತು ಇಲ್ಲದಿದ್ದರೆ ಈ ಕಡತಗಳಿಗೆ ಬೆಲೆಯಿಲ್ಲ. ಸೈಬರ್‌ಪಂಕ್‌ನಲ್ಲಿ ಆಟದೊಳಗೇ ಪರೀಕ್ಷಾ ದೃಶ್ಯವಿದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಡಸ್ಟ್ 2 ನಕ್ಷೆಯಲ್ಲಿ ಕಂಪ್ಯೂಟರೇ ಆಡಿಸುವ ಬಾಟ್‌ಗಳನ್ನು ಇಟ್ಟುಕೊಂಡು ಪ್ರತಿಸಲವೂ ಒಂದೇ ದಾರಿಯಲ್ಲಿ ಓಡಿ, ಒಂದೇ ಜಾಗಗಳಲ್ಲಿ ಹೊಗೆಬಾಂಬ್ ಎಸೆಯುತ್ತೇನೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತಂತ್ರಾಂಶ ಹೊಸದಾದ ಮೇಲಿನ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಶೇಡರುಗಳು (ದೃಶ್ಯ ಬಿಡಿಸಲು ಕಾರ್ಡು ನಡೆಸುವ ಪುಟ್ಟ ಪ್ರೋಗ್ರಾಮುಗಳು) ಹೊಸದಾಗಿ ಸಿದ್ಧಗೊಳ್ಳುತ್ತಿರುತ್ತವೆ, ಹೀಗಾಗಿ ಹೊಸ ದೃಶ್ಯ ಬಂದಾಗಲೆಲ್ಲ ರೇಖೆ ಚಿಮ್ಮುತ್ತದೆ. ಎರಡನೆಯ ಓಟದಲ್ಲಿ ಅದೇ ಜಾಗಗಳು ಶಾಂತವಾಗಿರುತ್ತವೆ. ಓಟ ಕನಿಷ್ಠ ಮೂರು ನಿಮಿಷವಾದರೂ ಇರಬೇಕು. ಸೆಕೆಂಡಿಗೆ 60 ಫ್ರೇಮುಗಳಂತೆ ಮೂರು ನಿಮಿಷಕ್ಕೆ 10,800 ಫ್ರೇಮುಗಳಾಗುತ್ತವೆ, ಅವುಗಳಲ್ಲಿ ತಡೆಯನ್ನು ತೋರಿಸುವ, ಅತ್ಯಂತ ನಿಧಾನವಾದ ಶೇಕಡ 1 ಎಂದರೆ 108 ಫ್ರೇಮುಗಳು. ಒಂದೇ ನಿಮಿಷದ ಓಟದಲ್ಲಿ ಶೇಕಡ 0.1 ಎಂದರೆ ನಾಲ್ಕು ಫ್ರೇಮೂ ಇಲ್ಲ. ಆ ಹೊತ್ತಿಗೆ ವಿಂಡೋಸ್ ಯಾವುದೋ ಕೆಲಸಕ್ಕೆ ಕೈಹಾಕಿದರೆ ಇಡೀ ಫಲಿತಾಂಶವೇ ಕೆಡುತ್ತದೆ.

ಲೆಕ್ಕ ಹಾಕುವ ಕ್ರಮದ ಬಗ್ಗೆಯೂ ಎಚ್ಚರ ಬೇಕು. ಮೊದಲ ಸೆಕೆಂಡಿನಲ್ಲಿ 100 ಫ್ರೇಮುಗಳು, ಎರಡನೆಯದರಲ್ಲಿ 20 ಫ್ರೇಮುಗಳು ಬಂದರೆ ಒಟ್ಟು 120 ಫ್ರೇಮುಗಳನ್ನು 2 ಸೆಕೆಂಡಿನಿಂದ ಭಾಗಿಸಿದಾಗ ಸಿಗುವ 60 ನಿಜವಾದ ಸರಾಸರಿ. ಪ್ರತಿ ಫ್ರೇಮಿನ ಎಫ್‌ಪಿಎಸ್ ಬೆಲೆಯನ್ನು ಬೇರೆಬೇರೆಯಾಗಿ ಬರೆದು ಆ ಕಾಲಮ್ಮಿನ ಸರಾಸರಿ ತೆಗೆದರೆ ಸುಮಾರು 87 ಬರುತ್ತದೆ, ಏಕೆಂದರೆ ಚುರುಕಾದ ಫ್ರೇಮುಗಳು ಎಣಿಕೆಯಲ್ಲಿ ಹೆಚ್ಚಿರುತ್ತವೆ. ಆದ್ದರಿಂದ ಎಲ್ಲ ಲೆಕ್ಕವನ್ನೂ ಮಿಲಿಸೆಕೆಂಡಿನಲ್ಲೇ ಮಾಡಿ, ಕೊನೆಯಲ್ಲಿ ಮಾತ್ರ 1000ವನ್ನು ಅದರಿಂದ ಭಾಗಿಸಿ ಎಫ್‌ಪಿಎಸ್‌ಗೆ ತರುತ್ತೇನೆ. ಆ ನಿಧಾನ ಫ್ರೇಮುಗಳ ವೇಗ ಹೇಳುವ ಶೇಕಡ 1ರ ಕನಿಷ್ಠ ಎಂಬ ಅಳತೆಯನ್ನೂ ತಂತ್ರಾಂಶಗಳು ಎರಡು ಬಗೆಯಲ್ಲಿ ಕೊಡುತ್ತವೆ. ಕೆಲವು 99ನೇ ಪರ್ಸೆಂಟೈಲಿನ, ಅಂದರೆ ಶೇಕಡ 99 ಫ್ರೇಮುಗಳು ಮೀರದ, ಫ್ರೇಮ್ ಟೈಮನ್ನು ತೆಗೆದುಕೊಳ್ಳುತ್ತವೆ, ಕೆಲವು ಅತ್ಯಂತ ನಿಧಾನವಾದ ಶೇಕಡ 1 ಫ್ರೇಮುಗಳೆಲ್ಲದರ ಸರಾಸರಿ ತೆಗೆಯುತ್ತವೆ. ಎರಡನೆಯ ಬಗೆಯಲ್ಲಿ ಸಂಖ್ಯೆ ಸಾಮಾನ್ಯವಾಗಿ ಇನ್ನೂ ಕೆಳಗೆ ಬರುತ್ತದೆ. ಒಂದು ತಂತ್ರಾಂಶದ ಫಲಿತಾಂಶವನ್ನು ಇನ್ನೊಂದರ ಫಲಿತಾಂಶದ ಪಕ್ಕದಲ್ಲಿಟ್ಟು ಹೋಲಿಸುವವರು ಇದನ್ನು ಮೊದಲು ತಿಳಿದಿರಬೇಕು.

ಈ ಕ್ರಮದಿಂದ ನನಗಾದ ದೊಡ್ಡ ಲಾಭವೆಂದರೆ ರ್‍ಯಾಮ್‌ಗೆ ಸಂಬಂಧಿಸಿದ್ದು. ಕೌಂಟರ್-ಸ್ಟ್ರೈಕ್‌ನಲ್ಲಿ ಸರಾಸರಿ ಚೆನ್ನಾಗಿಯೇ ಇತ್ತು, ಆದರೆ ಹೊಗೆ ತುಂಬಿದ ಜಾಗಗಳಲ್ಲಿ ರೇಖೆ ಗರಗಸದ ಹಲ್ಲಿನಂತಾಗುತ್ತಿತ್ತು. ಆ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇಕಡ 70ರ ಆಸುಪಾಸಿಗೆ ಇಳಿಯುತ್ತಿತ್ತು. ಕಾರ್ಡೇ ಮಿತಿಯಾಗಿದ್ದರೆ ಬಳಕೆ ಶೇಕಡ 97ರ ಮೇಲೆ ನಿಲ್ಲಬೇಕು. ಖಚಿತಪಡಿಸಿಕೊಳ್ಳಲು ರೆಸಲ್ಯೂಷನ್ ಇಳಿಸಿದೆ. ಫ್ರೇಮ್ ರೇಟ್ ಏರಲಿಲ್ಲ. ಅಂದರೆ ಕಾರ್ಡು ಕೆಲಸಕ್ಕಾಗಿ ಕಾಯುತ್ತಿದೆ, ಕೆಲಸ ಒದಗಿಸಬೇಕಾದ ಪ್ರೊಸೆಸರ್ ಹಿಂದೆ ಬಿದ್ದಿದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡು ಸ್ಲಾಟುಗಳ ಪೈಕಿ ಒಂದೇ ಬಳಕೆಯಲ್ಲಿದೆ ಎಂದು ಬರೆದಿತ್ತು. 3200 ವೇಗದ ಡಿಡಿಆರ್4 ರ್‍ಯಾಮ್ ಒಂದೇ ಚಾನೆಲಿನಲ್ಲಿ (ಪ್ರೊಸೆಸರಿಗೆ ಮಾಹಿತಿ ಸಾಗುವ ಒಂದೇ ದಾರಿಯಲ್ಲಿ) ಇದ್ದಾಗ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು. ಎರಡೂ ಚಾನೆಲ್ ತುಂಬಿದರೆ 51.2 ಜಿಬಿ. ಅದೇ ವೇಗದ ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸಿದ ಮೇಲೆ ಸರಾಸರಿ ಏರಿದ್ದಕ್ಕಿಂತ ಶೇಕಡ 1ರ ಕನಿಷ್ಠ ಬಹಳ ಹೆಚ್ಚು ಏರಿತು, ಮತ್ತು ಕೈಗೆ ಸಿಕ್ಕ ವ್ಯತ್ಯಾಸವೂ ಅದೇ. ಸರಾಸರಿಯನ್ನಷ್ಟೇ ನೋಡಿದವರು ಆ ಹಣ ವ್ಯರ್ಥವೆಂದು ಹೇಳಿಯಾರು.

ಸೈಬರ್‌ಪಂಕ್‌ನ ಕಥೆ ಬೇರೆ. ಅಲ್ಲಿ ಕಾರ್ಡು ಸದಾ ಪೂರ್ತಿ ದುಡಿಯುತ್ತಿರುತ್ತದೆ, ಆದ್ದರಿಂದ ಸೆಟ್ಟಿಂಗ್ ಇಳಿಸಿದಷ್ಟೂ ಫಲವಿದೆ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟದ ವಿಷಯದಲ್ಲಿ ಮಾತ್ರ ಸರಾಸರಿಯನ್ನು ನಂಬುವಂತಿಲ್ಲ. 4 ಜಿಬಿ ಮೆಮೊರಿ ತುಂಬುವವರೆಗೆ ಟೆಕ್ಸ್ಚರ್ ಏರಿಸಿದರೂ ಫ್ರೇಮ್ ರೇಟ್ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ತುಂಬಿದ ಕೂಡಲೇ ಹೆಚ್ಚಾದ ಭಾಗ ಮುಖ್ಯ ರ್‍ಯಾಮಿಗೆ ಹೋಗಿ, ಬೇಕಾದಾಗಲೆಲ್ಲ ಅಲ್ಲಿಂದ ಬರಬೇಕಾಗುತ್ತದೆ. ಕಾರಿನಲ್ಲಿ ವೇಗವಾಗಿ ಹೋಗುತ್ತ ಬೀದಿಯ ತಿರುವು ತೆಗೆದುಕೊಂಡಾಗ ದೃಶ್ಯ ಹಿಡಿದು ಬಿಟ್ಟಂತಾಗುವುದಕ್ಕೆ ನನ್ನ ಯಂತ್ರದಲ್ಲಿದ್ದ ಕಾರಣ ಇದು. ಸೂಚಕದಲ್ಲಿ ಕಾಣುವ ಮೆಮೊರಿ ಅಂಕಿಯು ಆಟ ಕಾದಿರಿಸಿಕೊಂಡದ್ದನ್ನು ಹೇಳುತ್ತದೆ, ಆ ಕ್ಷಣಕ್ಕೆ ಅಗತ್ಯವಾದದ್ದನ್ನು ಹೇಳುವುದಿಲ್ಲ. ಆದ್ದರಿಂದ ಅಂಕಿ 4 ಜಿಬಿಯ ಹತ್ತಿರ ಬಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಜೊತೆಗೆ ರೇಖೆಯೂ ಚಿಮ್ಮುತ್ತಿದೆಯೇ ಎಂದು ನೋಡಬೇಕು.

ನಮ್ಮ ಊರಿನ ಬಿಸಿಲು ಕೂಡ ಈ ಗ್ರಾಫಿನಲ್ಲಿ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ, ಜನವರಿಯಲ್ಲಿ ಗಂಟೆಗಟ್ಟಲೆ ಸಮವಾಗಿ ನಡೆದ ಆಟವೇ ಸ್ವಲ್ಪ ಹೊತ್ತಿನಲ್ಲಿ ಕುಗ್ಗತೊಡಗುತ್ತದೆ. ಪ್ರೊಸೆಸರಿನ ಉಷ್ಣತೆ 90 ಡಿಗ್ರಿ ದಾಟುತ್ತಿದ್ದಂತೆ ಅದರ ವೇಗ ಹಂತಹಂತವಾಗಿ ಇಳಿಯುವುದನ್ನೂ, ಅದಕ್ಕೆ ಸರಿಯಾಗಿ ಫ್ರೇಮ್ ಟೈಮ್ ಏರುವುದನ್ನೂ ಸೂಚಕದಲ್ಲಿ ಒಟ್ಟಿಗೆ ಕಾಣಬಹುದು. ಲ್ಯಾಪ್‌ಟಾಪಿನ ಹಿಂಭಾಗ ಎತ್ತರಿಸಿ ಗಾಳಿಗೆ ದಾರಿ ಮಾಡುವುದರ ಜೊತೆಗೆ, ರಿವಾಟ್ಯೂನರಿನಲ್ಲಿ ಫ್ರೇಮ್ ರೇಟಿಗೆ ಮಿತಿ ಹಾಕುವುದು ನಾನು ಕಂಡ ಒಳ್ಳೆಯ ಪರಿಹಾರ. ಅನಗತ್ಯ ಫ್ರೇಮುಗಳನ್ನು ಬಿಡಿಸುವ ಶ್ರಮ ಉಳಿದರೆ ಬಿಸಿಯೂ ತಗ್ಗುತ್ತದೆ. ಕರೆಂಟ್ ಹೋದಾಗಿನ ಚಿತ್ರ ಇದಕ್ಕಿಂತ ಭಿನ್ನ. ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದೊಡನೆ ಎನ್ವಿಡಿಯಾದ ಬ್ಯಾಟರಿ ಬೂಸ್ಟ್ ಸೌಲಭ್ಯ ಫ್ರೇಮ್ ರೇಟನ್ನು 30ಕ್ಕೆ ಕಟ್ಟಿಹಾಕುವುದರಿಂದ ರೇಖೆ ಒಂದೇ ಮೆಟ್ಟಿಲಲ್ಲಿ 33.3 ಮಿಲಿಸೆಕೆಂಡಿಗೆ ಏರಿ ಅಲ್ಲೇ ಗೆರೆ ಎಳೆದಂತೆ ನಿಲ್ಲುತ್ತದೆ. 30, 60 ಮುಂತಾದ ದುಂಡು ಸಂಖ್ಯೆಯಲ್ಲಿ ಹೀಗೆ ಅಲುಗಾಡದೆ ನಿಂತ ರೇಖೆ ಕಂಡರೆ ಯಂತ್ರದ ಶಕ್ತಿಯನ್ನು ಶಂಕಿಸುವ ಮೊದಲು ಎಲ್ಲೋ ಒಂದು ಮಿತಿ ಜಾರಿಯಲ್ಲಿದೆಯೇ ಎಂದು ಹುಡುಕಬೇಕು.

ಮಿತಿ ಹಾಕುವಾಗ ಯಾವ ಸಂಖ್ಯೆ ಆರಿಸಬೇಕೆಂಬುದು ಪರದೆಯನ್ನು ಅವಲಂಬಿಸಿದೆ. ಫ್ರೇಮ್ ರೇಟಿಗೆ ತಕ್ಕಂತೆ ತನ್ನ ವೇಗ ಬದಲಿಸಿಕೊಳ್ಳುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಸೌಲಭ್ಯ ನನ್ನ ಪರದೆಗಿಲ್ಲ. 144ನ್ನು 60ರಿಂದ ಭಾಗಿಸಿದರೆ 2.4, ಅಂದರೆ ವಿ-ಸಿಂಕ್ (ಪರದೆ ಚಿತ್ರ ಬದಲಿಸುವ ಸುತ್ತಿಗೆ ಫ್ರೇಮುಗಳನ್ನು ಹೊಂದಿಸುವ ಸೌಲಭ್ಯ) ಇಟ್ಟು 60ಕ್ಕೆ ಮಿತಿ ಹಾಕಿದಾಗ ಕೆಲವು ಫ್ರೇಮುಗಳು ಪರದೆಯ ಎರಡು ಸುತ್ತು, ಕೆಲವು ಮೂರು ಸುತ್ತು ನಿಲ್ಲುತ್ತವೆ. ಕಂಪ್ಯೂಟರ್ ಫ್ರೇಮುಗಳನ್ನು ಸಮವಾಗಿಯೇ ಕೊಟ್ಟಿರುತ್ತದೆ, ರಿವಾಟ್ಯೂನರಿನ ರೇಖೆಯೂ ಸಮತಟ್ಟಾಗಿರುತ್ತದೆ, ಆದರೂ ಕ್ಯಾಮೆರಾ ನಿಧಾನವಾಗಿ ತಿರುಗಿದಾಗ ಕಣ್ಣಿಗೆ ಕುಲುಕಾಟ ತಿಳಿಯುತ್ತದೆ. ಈ ಕುಲುಕಾಟ ಪ್ರೆಸೆಂಟ್‌ಮಾನ್ ಕಡತದಲ್ಲಿ ಪತ್ತೆಯಾಗುತ್ತದೆ: ಎರಡು ಫ್ರೇಮುಗಳನ್ನು ಆಟ ಒಪ್ಪಿಸಿದ ಅಂತರ ಒಂದು ಕಾಲಮ್ಮಿನಲ್ಲೂ, ಅವು ಪರದೆಯ ಮೇಲೆ ಬದಲಾದ ಅಂತರ ಇನ್ನೊಂದರಲ್ಲೂ ಇರುತ್ತವೆ. ಮೊದಲನೆಯದರಲ್ಲಿ 16.7 ಸಾಲುಗಟ್ಟಿ ನಿಂತಿದ್ದರೆ ಎರಡನೆಯದರಲ್ಲಿ 13.9 ಮತ್ತು 20.8 ಬೆರೆತು ಬರುತ್ತವೆ. 72ಕ್ಕೆ ಮಿತಿ ಹಾಕಿದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಸುತ್ತು, 48ಕ್ಕೆ ಹಾಕಿದರೆ ಮೂರು. ಸೈಬರ್‌ಪಂಕ್ ಅನ್ನು ನಾನು 48ರಲ್ಲಿ ಆಡುತ್ತೇನೆ, ಮತ್ತು ಅದು ನನ್ನ ಪರದೆಯಲ್ಲಿ 60ಕ್ಕಿಂತ ನಯವಾಗಿ ಕಾಣುತ್ತದೆ. ಕೌಂಟರ್-ಸ್ಟ್ರೈಕ್‌ಗೆ ಈ ಉಪಾಯ ಬಳಸುವುದಿಲ್ಲ. ಅಲ್ಲಿ ನಯಕ್ಕಿಂತ ಮೌಸಿನ ಚಲನೆ ಬೇಗ ಪರದೆಗೆ ತಲುಪುವುದು ಮುಖ್ಯವಾದ್ದರಿಂದ ವಿ-ಸಿಂಕ್ ತೆಗೆದಿರುತ್ತೇನೆ.

ಇತ್ತೀಚೆಗೆ ಗೆಳೆಯರ ಹೊಸ ಕಂಪ್ಯೂಟರುಗಳಲ್ಲಿ ಅಳೆಯುವಾಗ ಇನ್ನೊಂದು ಎಚ್ಚರ ಸೇರಿಕೊಂಡಿದೆ. 2022ರಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯ ಕಾರ್ಡುಗಳ ಜೊತೆ ಬಂದ ಡಿಎಲ್‌ಎಸ್‌ಎಸ್ 3, ಆಮೇಲೆ ಬಂದ ಎಎಂಡಿಯ ಎಫ್‌ಎಸ್‌ಆರ್ 3 ಮೊದಲಾದವು ಆಟ ರಚಿಸಿದ ಎರಡು ಫ್ರೇಮುಗಳ ನಡುವೆ ತಾವೇ ಒಂದನ್ನು ಊಹಿಸಿ ಸೇರಿಸುತ್ತವೆ. ಸೂಚಕದಲ್ಲಿ 100 ಕಂಡರೂ ಆಟ ಲೆಕ್ಕ ಹಾಕಿದ್ದು 50 ಮಾತ್ರ, ಮೌಸಿಗೆ ಸಿಗುವ ಪ್ರತಿಕ್ರಿಯೆಯೂ ಆ 50ಕ್ಕೆ ತಕ್ಕದ್ದೇ. ಹಾಗಾಗಿ ಮೊದಲು ಆ ಸೌಲಭ್ಯ ತೆಗೆದು ಒಂದು ಓಟ, ನಂತರ ಹಾಕಿ ಒಂದು ಓಟ ದಾಖಲಿಸಿಕೊಂಡು, ಎರಡನೆಯದನ್ನು ಪ್ರತ್ಯೇಕ ಫೋಲ್ಡರಿನಲ್ಲಿ ಇಡುತ್ತೇನೆ ಮತ್ತು ಇತರ ಯಂತ್ರಗಳ ಅಂಕಿಗಳೊಂದಿಗೆ ಅದನ್ನು ಹೋಲಿಸುವುದಿಲ್ಲ.